ಸ್ಲೇಟು

ಓಸ್ತ್ರಾವಾದ ಫೆಬ್ರವರಿಗೆ ಕಿಟಕಿಯ ಒಳಮೈಯಲ್ಲೂ ಹಿಮ.
ಆರನೆಯ ಮಹಡಿಯ ನನ್ನ ಅಡುಗೆಮನೆಯಲ್ಲಿ ಮಾತ್ರ
ಇಪ್ಪತ್ತೆಂಟು ಡಿಗ್ರಿಯ ಒಂದು ಮೊಳ ನೀರು,
ಅದರಲ್ಲಿ ಏಂಜಲ್ ಮೀನು, ಒಂದು ಜೋಡಿ:
ಕರಿಪಟ್ಟೆಯ ಗಂಡು, ರೆಕ್ಕೆಯಂಚು ಹರಿದ ಹೆಣ್ಣು.
ಒರಗಿಸಿಟ್ಟದ್ದು ಒಂದು ಸ್ಲೇಟುಕಲ್ಲು.
ಹಳೆ ಶಾಲೆಯ ಛಾವಣಿ ಕೆಡವುತ್ತಿದ್ದಾಗ
ಟ್ರಾಮ್ ನಿಲ್ಲಿಸಿ, ಇಳಿದು ಎತ್ತಿಕೊಂಡದ್ದು.
ನಾಲ್ಕು ನಿಮಿಷ ತಡ. ದಂಡ ಕಟ್ಟಿದ್ದೇನೆ.

ಎರಡು ದಿನ ಅದನ್ನು ಬಾಯಲ್ಲೇ ತಿಕ್ಕಿ ತೊಳೆದವು.
ಮೂರನೆಯ ಸಂಜೆ ಹೆಣ್ಣು ಹೊಟ್ಟೆಯನ್ನು ಕಲ್ಲಿಗೆ ಒತ್ತಿ
ಮೆಲ್ಲನೆ ಮೇಲಕ್ಕೆ ಎಳೆಯಿತು ಗೆರೆ:
ಚುಕ್ಕಿ, ಚುಕ್ಕಿ, ಚುಕ್ಕಿ.
ಹಿಂದೆಯೇ ಗಂಡು, ಬರೆದದ್ದನ್ನೇ ತಿದ್ದುತ್ತ.
ಮೊದಲ ಸಲ ಬಳಪ ಹಿಡಿದ ಮಗುವಿನಂತೆ
ಸಾಲು ಸೊಟ್ಟ, ಶ್ರದ್ಧೆ ನೆಟ್ಟಗೆ.

ಬೆಳಗಿನ ಮೂರೂವರೆಗೆ ದೀಪ ಹಾಕಿದರೆ
ಕಲ್ಲು ಖಾಲಿ.
ಏಂಜಲ್ ಉಳಿಸಿದ ಎಂಜಲೂ ಇಲ್ಲ.

ಆರು ಸಲ ಹೀಗೆ.

ಕೆಳಮನೆಯ ಕ್ವಾಪಿಲ್
(ಮೀನು ಸಾಕಿ ನಲವತ್ತು ವರ್ಷ, ಮಾತು ಸಾಕಿ ಅದಕ್ಕೂ ಹೆಚ್ಚು)
ಹೇಳಿದ: "ತಪ್ಪು ಅವುಗಳದ್ದಲ್ಲ, ಬ್ಲಾಝೆನಾ.
ನಾಲ್ಕು ತಲೆಮಾರು ಜಾಡಿಯಲ್ಲೇ ಬೆಳೆಸಿದೆವು.
ತಾಯಿಯ ಮುಖ ಕಾಣದ್ದು ತಾಯಾಗುವುದು ಯಾರನ್ನು ನೋಡಿ?
ಕಲ್ಲು ಎತ್ತಿಬಿಡು."

ಎತ್ತಿದೆ.
ಸೌತೆ ಉಪ್ಪಿನಕಾಯಿಯ ಮೂರು ಲೀಟರಿನ ಜಾಡಿ,
ಎರಡು ಹನಿ ನೀಲಿ ಔಷಧ,
ರೆಕ್ಕೆಯ ಬದಲು ಗುಳುಗುಳು ಗಾಳಿಯ ಕೊಳವೆ.
ಗಂಡು ಖಾಲಿ ಮೂಲೆಯಲ್ಲಿ ನಿಂತು
ಇಲ್ಲದ ಕಲ್ಲಿಗೆ ರೆಕ್ಕೆ ಬೀಸುತ್ತಲೇ ಇತ್ತು.
ಅದನ್ನು ನಾನು ನೋಡಬಾರದಿತ್ತು.

ಮೂರನೆಯ ದಿನ ಚುಕ್ಕಿಗಳಿಗೆ ಜೀವ ಬಂತು:
ಒಂದಕ್ಕೆ ಕೊಂಬು, ಒಂದಕ್ಕೆ ದೀರ್ಘ,
ಸ್ಲೇಟಿಗೆ ತಲೆಯಂಟಿಸಿ ಬಾಲ ಬಡಿವ ಅಕ್ಷರಗಳು,
ಇನ್ನೂ ಪದವಾಗದೆ.
ಹೊಟ್ಟೆಯಡಿ ಕಟ್ಟಿಕೊಂಡು ಬಂದ ಬುತ್ತಿ
ಏಳನೆಯ ದಿನಕ್ಕೆ ಮುಗಿಯುತ್ತದೆ.
ಆಮೇಲೆ ನನ್ನ ಪಾಳಿ.

ಡಬ್ಬಿಯಲ್ಲಿ ಕಾಫಿಪುಡಿಯಂಥ ಕಂದು ಮೊಟ್ಟೆ:
ಯಾವುದೋ ಉಪ್ಪುಸರೋವರದ ಸೀಗಡಿ,
ವರ್ಷಗಟ್ಟಲೆ ಒಣಗಿ ಮಲಗಿದ್ದು.
ತಲೆಕೆಳಗಾದ ಬಾಟಲಿ, ಉಪ್ಪುನೀರು, ಒಂದು ಹಗಲು ಒಂದು ರಾತ್ರಿ,
ಎದ್ದುಬಿಡುತ್ತವೆ, ಕಿತ್ತಳೆ ಬಣ್ಣದ ಧೂಳು.
ಬುಡದಲ್ಲಿ ಟಾರ್ಚ್ ಹಿಡಿದರೆ
ಸಿಪ್ಪೆ ಮೇಲೆ ತೇಲುತ್ತದೆ,
ಜೀವವಿರುವುದು ಬೆಳಕಿಗೆ ಬರುತ್ತದೆ.
ಬಂದದ್ದನ್ನು ಹೀರಿಕೊಂಡು ಉಣಿಸುತ್ತೇನೆ.
ಬೆಳಕು ಹಿಡಿದು ನಿಂತ ಕೈ ಯಾರದೆಂದು
ಅವು ಕೇಳುವುದಿಲ್ಲ. ಪುಣ್ಯ.

ನಾಲ್ಕು ಗಂಟೆಗೊಮ್ಮೆ ಹಸಿವು, ಎಂಟು ಗಂಟೆ ಟ್ರಾಮು.
ಬೀಗದ ಕೈಯನ್ನು ಕ್ವಾಪಿಲ್‌ಗೆ ಕೊಟ್ಟೆ.
ಮೊದಲ ದಿನ ಬಂದು ನೋಡಿದರೆ ಹೊಟ್ಟೆಗಳು ಬೆನ್ನಿಗಂಟಿವೆ.
ಎರಡನೆಯ ದಿನ ತಳದಲ್ಲಿ ಬಿಳಿಯ ನೂಲಿನ ತುಣುಕು, ನೂರಾರು,
ನೀರಿನ ಮೇಲೆಲ್ಲ ಕಂದು ಸಿಪ್ಪೆ.
ಸಿಪ್ಪೆ ಹಾಕಿದ್ದ. ಬರೀ ಸಿಪ್ಪೆ.

ಬೈಯಲು ಇಳಿದೆ.
ಬಾಗಿಲು ತೆರೆದವನು ನನ್ನ ಮುಖದ ಪಕ್ಕದ ಗೋಡೆಗೆ ಹೇಳಿದ:
"ಎರಡು ವರ್ಷವಾಯ್ತು. ಸಣ್ಣದು ಕಾಣುವುದಿಲ್ಲ."
ಅವನ ತೊಟ್ಟಿಗಳು ಗುಂಯ್‌ಗುಟ್ಟುತ್ತಿದ್ದವು.
ಎಲ್ಲದರಲ್ಲೂ ದೀಪ, ಎಲ್ಲದರಲ್ಲೂ ನೀರು.
ಒಂದರಲ್ಲೂ ಮೀನಿರಲಿಲ್ಲ.

ಈಗ ಪಿಪೆಟ್ಟಿಗೆ ನೂಲು ಸುತ್ತಿದ್ದೇನೆ,
ಇಲ್ಲಿಯವರೆಗೆ ಅದ್ದು, ಹತ್ತು ಎಣಿಸು, ಬಿಡು ಎಂದು.
ಎಣಿಸುತ್ತಾನೆ, ತುಟಿ ಅಲ್ಲಾಡಿಸುತ್ತ.
ಮಧ್ಯಾಹ್ನ ನಾನು ಮೆಟ್ಟಿಲು ಹತ್ತುವ ಸದ್ದಿಗೇ
ಜಾಡಿಯ ಬಳಿ ನಿಂತಿರುತ್ತಾನೆ:
"ಬಣ್ಣ ಹೇಳು."
"ಕಿತ್ತಳೆ."
"ಎಲ್ಲದರದ್ದೂ?"
ಎಣಿಸುತ್ತೇನೆ. ಎಪ್ಪತ್ತೊಂದು.
ಒಂದು ಚೂರು ಮಸುಕು. ಅದನ್ನು ಹೇಳುವುದಿಲ್ಲ.

ಸ್ಲೇಟನ್ನು ತೊಟ್ಟಿಗೆ ವಾಪಸು ಇಟ್ಟಿದ್ದೇನೆ.
ಇವತ್ತು ಮತ್ತೆ ಎರಡೂ ಸೇರಿ ತಿಕ್ಕುತ್ತಿವೆ,
ಏನೂ ನಡೆದೇ ಇಲ್ಲವೆಂಬಂತೆ,
ಅಥವಾ ಎಲ್ಲವೂ ನೆನಪಿರುವಂತೆ.
ಅಲಾರಂ ಮೂರೂವರೆಗೆ.
ಎತ್ತುವುದೋ, ಬಿಡುವುದೋ,
ಆಗ ನೋಡೋಣ.