ಧ್ವಜಸ್ತಂಭ ಒಂದು

ಕ್ವೇಲ್ ಹಾಲೋ ಬಡಾವಣೆಯಲ್ಲಿ ಮನೆಗೆ ಬಳಿಯಲು ಮೂರೇ ಬಣ್ಣ:
ಮರಳು, ಒಣಹುಲ್ಲು, ಜಿಂಕೆ.
ಮೂರೂ ಒಂದೇ ಎಂದು ನನ್ನ ಗಂಡ ಹೇಳುತ್ತಿದ್ದ,
ಅಲ್ಲವೆಂದು ನಾನು ಡಬ್ಬಿಯ ನಂಬರು ತೋರಿಸುತ್ತಿದ್ದೆ.
ಹನ್ನೊಂದು ವರ್ಷದಿಂದ ಮನೆಮಾಲೀಕರ ಸಂಘದ ಕಾರ್ಯದರ್ಶಿ,
ಡೆಲ್ಫಿನಾ ಇಬಾರಾ.
ಕಸದ ಡಬ್ಬಿ ಹೊತ್ತು ಮೀರಿ ರಸ್ತೆಯಲ್ಲಿ ನಿಂತರೆ
ಮಾರನೆಯ ದಿನ ಬರುವ ಕಾಗದದ ಕೆಳಗಿನ ಸಹಿ ನನ್ನದು.

ನಿಯಮ ಏಳು, ಉಪನಿಯಮ ಮೂರು:
ಆಂಟೆನಾ, ಗೋಪುರ, ತಂತಿ, ಕಂಬ,
ಅಥವಾ ಇವನ್ನು ಹೋಲುವ ಯಾವುದೂ
ಬೀದಿಗಾಗಲಿ ನೆರೆಯವರ ಕಿಟಕಿಗಾಗಲಿ ಕಾಣಕೂಡದು.
ನಾನೇ ಟೈಪು ಮಾಡಿದ್ದು.
ಆಚೆ ಸಗುವಾರೊ ಕಳ್ಳಿ ನಲವತ್ತಡಿ ಬೆಳೆದು ಕೈಯೆತ್ತಿ ನಿಂತಿದೆ.
ಅದು ಅರ್ಜಿ ಹಾಕಿಲ್ಲ. ಅದಕ್ಕೆ ಯಾರೂ ನೋಟಿಸು ಕೊಟ್ಟಿಲ್ಲ.

ಮೂಲೆಮನೆಯ ಮರ್ಲ್ ಸ್ಟಾನ್‌ಬರಿ ಅರ್ಜಿ ಹಾಕಿದ್ದ.
ಮೂರು ಸಲ. ಒಂದೊಂದಕ್ಷರವನ್ನೂ ಬಿಡಿಸಿ ಬರೆದು,
ಸಹಿಯ ಜಾಗದಲ್ಲಿ ಮೊದಲು ತನ್ನ ಕಾಲ್‌ಸೈನು,
ಅದನ್ನು ಹೊಡೆದುಹಾಕಿ ಆಮೇಲೆ ಹೆಸರು.
ಅದಿರಿನ ಹಡಗುಗಳ ರೇಡಿಯೋ ಕೋಣೆಯಲ್ಲಿ
ಮೂವತ್ತು ಚಳಿಗಾಲ ಕೂತು ಬಂದವನು.
ಮೂರು ಸಲವೂ ಇಲ್ಲವೆಂದೆವು. ‘ವಿಷಾದಿಸುತ್ತೇವೆ’ ಎಂಬ ಮಾತು
ಕಾಗದದಲ್ಲಿ ಮೊದಲೇ ಅಚ್ಚಾಗಿತ್ತು.
ನಾಲ್ಕನೆಯ ಸಲ ಅವನು ಕೇಳಿದ್ದು ಧ್ವಜಸ್ತಂಭ.
ಬಾವುಟಕ್ಕೆ ಯಾರು ಇಲ್ಲವೆನ್ನುತ್ತಾರೆ?

ಆಮೇಲೆ ಶುರುವಾಯಿತು ಲುಂಡ್‌ಗ್ರೆನ್ ಮನೆಯ ಗ್ಯಾರೇಜು ಬಾಗಿಲಿನ ದೂರು.
ರಾತ್ರಿ ಒಂಬತ್ತಕ್ಕೆ ತಾನಾಗಿ ಏಳುತ್ತದಂತೆ, ಇಳಿಯುತ್ತದಂತೆ,
ಒಳಗಿನ ದೀಪ ಹೊತ್ತಿಕೊಂಡು
ನಾಯಿ ಎದ್ದು ಕೂರುತ್ತದಂತೆ, ಯಾರೋ ಬಂದರೆಂದು.

ಅಳತೆಪಟ್ಟಿ ಹಿಡಿದು ಹೋದೆ. ಗಾಳಿಯಿರಲಿಲ್ಲ, ಬಾವುಟ ಜೋತಿತ್ತು.
ಸ್ತಂಭದ ಬುಡದಲ್ಲಿ ಜಲ್ಲಿಕಲ್ಲು ತುಸು ಉಬ್ಬಿ
ಹೆಗ್ಗಣ ಓಡಿದಂಥ ಒಂದು ಗೆರೆ,
ಮಲಗುವ ಕೋಣೆಯ ಕಿಟಕಿಯವರೆಗೆ.
ಹನ್ನೊಂದು ವರ್ಷ ಪಳಗಿದ ಕಣ್ಣಿಗೆ ಅಷ್ಟು ಸಾಕು.
ಬಾಗಿಲು ತಟ್ಟಿದೆ. ನನ್ನ ಕೈಯ ಪಟ್ಟಿ ನೋಡಿದ,
ಮುಖ ನೋಡಿದ, ಬೆರಳೆತ್ತಿದ: ಒಂದು ನಿಮಿಷ,
ಮಾತು ಅರ್ಧಕ್ಕೆ ಬಿಟ್ಟು ಬಂದಿದ್ದೇನೆ, ಅವನು ಕಾಯುತ್ತಿದ್ದಾನೆ.

ಹೆಡ್‌ಫೋನು ತೆಗೆದು ನನ್ನ ಕಿವಿಗಿಟ್ಟ.
ಮೊದಲು ಬರೀ ಸದ್ದು, ಕಾದ ಹೆಂಚಿಗೆ ನೀರು ಚಿಮುಕಿಸಿದಂತೆ.
ಅದರಡಿ, ಸೂಜಿಮೊನೆಯಷ್ಟು, ಒಂದು ಸಿಳ್ಳು:
ಗಿಡ್ಡ ಗಿಡ್ಡ ಉದ್ದ, ಗಿಡ್ಡ,
ಮುಳುಗಿ
ಮತ್ತೆ ಎದ್ದು.
ಮರ್ಲ್ ಒಂದು ಲಕೋಟೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆಯುತ್ತ ಹೋದ,
ಲಕೋಟೆ ನಮ್ಮದೇ, ಸಂಘದ ಮುದ್ರೆಯಿತ್ತು.
ಹೆಸರು ಡೆಬೆಸ್. ಫ್ಯಾರೋ ದ್ವೀಪ. ಇಲ್ಲಿ ಬೆಳಗಿನ ಐದು. ಮಳೆ.
ಕುರಿ ಮರಿ ಹಾಕುವುದಿದೆ, ಎದ್ದು ಕಾಯುತ್ತಿದ್ದೇನೆ. ಎಪ್ಪತ್ತಮೂರು.
ಎಪ್ಪತ್ತಮೂರು ಅಂದರೆ?
ಚೆನ್ನಾಗಿರು ಅಂತ.
ನಾನು ಕೇಳಬೇಕಾದ್ದು ಬೇರೆಯಿತ್ತು. ಕೇಳಿದ್ದು ಕುರಿಯನ್ನು.
ನಾಳೆ ವಿಚಾರಿಸುತ್ತೇನೆ, ಅಂದ,
ಆಕಾಶ ಒಪ್ಪಿದರೆ.

ಮನೆಗೆ ಬಂದು ಫಾರಮು ತುಂಬಿದೆ.
ಧ್ವಜಸ್ತಂಭ ಒಂದು. ಎತ್ತರ ಇಪ್ಪತ್ತಡಿ, ಮಂಜೂರಾದಷ್ಟೇ.
ಆಂಟೆನಾ: ಕಾಣಲಿಲ್ಲ.
ಸುಳ್ಳಲ್ಲ ಅದು. ಕೇಳಿಸಿತು ಎಂದು ಬರೆಯಲು ಅಲ್ಲಿ ಕಾಲಮು ಇಲ್ಲ,
ಆ ಫಾರಮನ್ನೂ ಟೈಪು ಮಾಡಿದವಳು ನಾನೇ.
ಬೇಲಿಯೇ ಎದ್ದು ಹೊಲ ಮೇಯಿತೆನ್ನುವವರು ಅನ್ನಲಿ,
ಮೇಯ್ದದ್ದು ಒಂದು ಕಡ್ಡಿ.

ರಿಮೋಟಿನ ಬ್ಯಾಟರಿ ಬದಲಿಸಿ ನೋಡಿ ಎಂದು
ಲುಂಡ್‌ಗ್ರೆನ್ ದಂಪತಿಗೆ ಹೇಳಿದ್ದೇನೆ.

ಒಂಬತ್ತಾಗಲು ಇನ್ನೆರಡು ನಿಮಿಷ.
ಅಡುಗೆಮನೆಯ ದೀಪ ಆರಿಸಿ ಕಿಟಕಿಗೆ ಬಂದು ನಿಂತೆ.
ಮರಿ ಹಾಕಿತೋ ಇಲ್ಲವೋ.
ಎದುರುಮನೆಯ ಬಾಗಿಲು ಮೊಣಕಾಲೆತ್ತರ ಎದ್ದು ತಡೆಯಿತು:
ಸಂದಿಯಲ್ಲಿ ಬೆಳಕು,
ನಾಯಿಯ ನಾಲ್ಕು ಕಾಲು.