ಚೀಟಿ ಬಿದ್ದ ಬೀಕರುಗಳು

ನಿನ್ನೆ ಸಂಜಿಮುಂದ ಅಚ್ಚ ಐದು ಸೆಂಟಿಮೀಟರಿನ
ಬಟಾಟಿ ಹೋಳು ಎರಡು.
ಒಂದು ಬರೇ ನೀರಾಗ, ಇನ್ನೊಂದು ಉಪ್ಪುನೀರಾಗ.
ರಾತ್ರಿ ನಮ್ಮ ಬೆಟಗೇರಿ ಸಾಲಿಯ ಇಲಿಗೆ
ಗೋಂದು ರುಚಿಸಿರಬೇಕು,
ಮುಂಜಾನೆ ಚೀಟಿ ಎರಡೂ ನೆಲದ ಮ್ಯಾಲ.

ಯಾವುದು ಯಾವುದು?
"ನೆಕ್ಕಿ ನೋಡೂಣ್ರಿ ಟೀಚರ್" ಅಂದ ದಾವಲ.
ಪ್ರಯೋಗಶಾಲೆಯೊಳಗ ನಾಲಿಗಿಗೆ ಪ್ರವೇಶ ಇಲ್ಲಪಾ, ಅಂದೆ.
"ಮತ್ತ ಉಪ್ಪಿನ ಅವರನ್ನs ಕೇಳ್ರಿ!"
ಇಡೀ ವರ್ಗ ನಕ್ಕಿತು.
ನೀಲಾಂಬಿಕಾ ಉಪ್ಪಿನ ನಗಲಿಲ್ಲ, ಎದ್ದು ಬಂದಳು.

ಹೋಳೊಂದನ್ನ ಎತ್ತಿ ಬಗ್ಗಿಸಿದಳು;
ಲಾಡಿಯಂಗ ಬೆರಳಿಗೆ ಸುತ್ತಿಕೊಂತು.
"ಇದು ಉಪ್ಪಿಂದ್ರಿ.
ಅವ್ವ ಸೌತಿಕಾಯಿ ಹೆಚ್ಚಿ ಉಪ್ಪು ಸವರಿದರ
ಹಿಂಗs ಮೆತ್ತಗಾಗತದ,
ತಾಟಿನ ತುಂಬ ನೀರು."

ಹಲಗಿ ಮ್ಯಾಲಿನ ನನ್ನ 'ಅಭಿಸರಣ',
ಅರ್ಧ ತಾಸು ತಿದ್ದಿದ ಬಾಣದ ಗುರುತು,
ಸುಮ್ಮನ ನಿಂತಿದ್ದವು.

ಇನ್ನೊಂದು ಹೋಳು ಐದು ಪಾಯಿಂಟ್ ಮೂರು.
"ರಾತ್ರಿಯೆಲ್ಲಾ ಕುಡದೈತ್ರಿ" ಅಂದ ದಾವಲ,
"ನಳಾ ಬಂದ ದಿನ ನಮ್ಮನಿ ಬ್ಯಾರಲ್ ಇದ್ದಂಗ."
ನೀಲಾ ಅದನ್ನೂ ಬಗ್ಗಿಸಹೋದಳು.
ಟಕ್!
ಎರಡು ತುಂಡು, ಹಸಿ ವಾಸನಿ,
ಅಕಿ ಮೂಗಿನ ಮ್ಯಾಲ ಒಂದು ಹನಿ.

"ಟೀಚರ್, ವಹಿಯಾಗ
ಕೂಡಿಸಿ ಬರೀಲ್ಯಾ, ಬ್ಯಾರೆ ಬ್ಯಾರೆ ಬರೀಲ್ಯಾ?"