ಮೂವತ್ತೆಂಟು

ಮೊದಲು ಬಂದದ್ದು ಸದ್ದು.
ಬಲಗಿವಿಯೊಳಗೆ, ದಿಂಬಿಗೆ ತಲೆಯಿಟ್ಟ ಮೇಲೆ,
ಹುಶ್, ಹುಶ್.
ಪಕ್ಕದ ಮನೆಯ ಮೋಟಾರು ಅಂದುಕೊಂಡೆ;
ಲಗ್ಗೆರೆಯಲ್ಲಿ ರಾತ್ರಿಯಿಡೀ ಯಾರಾದರೂ
ಸಂಪಿನಿಂದ ನೀರೆತ್ತುತ್ತಲೇ ಇರುತ್ತಾರೆ.
ಆದರೆ ಈ ಮೋಟಾರಿಗೆ ನನ್ನ ನಾಡಿಯದೇ ತಾಳ.
ಕತ್ತಿನ ಪಕ್ಕ ಎರಡು ಬೆರಳು ಮೆಲ್ಲಗೆ ಒತ್ತಿದರೆ ನಿಲ್ಲುತ್ತಿತ್ತು,
ಬಿಟ್ಟರೆ ಮತ್ತೆ ಶುರು.

ಆಮೇಲೆ ಕಣ್ಣು.
ಗಾರ್ಮೆಂಟ್ಸಿನಲ್ಲಿ ನನ್ನದು ಕಾಲರು ಕೂರಿಸುವ ಕೆಲಸ,
ಗಂಟೆಗೆ ಅರವತ್ತು.
ಬಿದ್ದ ಬಾಬಿನ್ ಎತ್ತಲು ಬಗ್ಗಿದರೆ
ಯಾರೋ ಬೂದು ಲೈನಿಂಗ್ ಬಟ್ಟೆ ಕಣ್ಣಿಗೆ ಎಳೆದ ಹಾಗೆ,
ಐದು ಎಣಿಸುವಷ್ಟರಲ್ಲಿ ತೆಗೆದ ಹಾಗೆ.
"ಹಗಲೇ ಕನಸೇನೇ ನಂಜಮಣಿ" ಎಂದು ಸೂಪರ್‌ವೈಸರ್ ನಕ್ಕಳು.
ನಾನೂ ನಕ್ಕೆ.
ನಕ್ಕರೆ ತಲೆ ಇನ್ನೂ ಸಿಡಿಯುತ್ತಿತ್ತು.

ಹೊಸೂರು ರಸ್ತೆಯ ಆಸ್ಪತ್ರೆ. ಆರಕ್ಕೆ ಹಿಡಿದ ಚೀಟಿಗೆ
ಹನ್ನೊಂದಕ್ಕೆ ಡಾಕ್ಟರು, ನನಗಿಂತ ಚಿಕ್ಕವಳು.
ಕಣ್ಣೊಳಗೆ ದೀಪ ಬಿಟ್ಟು "ನರ ಬಾತಿದೆ" ಎಂದಳು,
ಚೀಟಿಯ ಬೆನ್ನಿಗೆ ಚಿತ್ರ ಬರೆದಳು:
ಬುರುಡೆ ಹಿಗ್ಗದ ಪಾತ್ರೆ.
ಮಿದುಳು, ನೀರು, ನೆತ್ತರು, ಮೂವರಿಗೂ ಒಂದೇ ಕೋಣೆ.
ನೀರು ಜಾಸ್ತಿಯಾದರೆ ಯಾರೋ ಒಬ್ಬರು ಸರಿಯಬೇಕು.
ನೆತ್ತರು ತರುವ ನಾಳದ್ದು ದಪ್ಪ ಗೋಡೆ, ಜಗ್ಗುವುದಿಲ್ಲ;
ಒಯ್ಯುವ ನಾಳ ತೆಳು,
ಸುತ್ತಲಿಂದ ಒತ್ತಿದರೆ ಚಪ್ಪಟೆ.

ನನಗಿಂತ ಮೊದಲು ಗವಿರಂಗನಿಗೆ ಅರ್ಥವಾಯಿತು.
ಅವನು ನಮ್ಮ ವಾರ್ಡಿನ ವಾಲ್ವ್‌ಮನ್.
"ಅಂದ್ರೆ ಮೇಡಂ, ಬರೋದು ಕಬ್ಬಿಣದ ಪೈಪು,
ಹೋಗೋದು ಹಸಿರು ಹೋಸು.
ಹೋಸಿನ ಮೇಲೆ ಮಣ್ಣು ಕುಸಿದಿದೆ.
ಹೋಗೋದು ನಿಂತ್ರೆ ಒಳಗೆ ಪ್ರೆಶರ್ರು,
ಪ್ರೆಶರ್ ಏರಿದ್ರೆ ಹೋಸು ಇನ್ನೂ ಚಪ್ಪಟೆ."
ಅವಳು ಪೆನ್ನು ನಿಲ್ಲಿಸಿ ಅವನನ್ನು ನೋಡಿದಳು.
"ಅಷ್ಟೇ. ಯಾವುದು ಮೊದಲೋ ನಮಗೂ ಸರಿಯಾಗಿ ಗೊತ್ತಿಲ್ಲ."
ಆ ಗೊತ್ತಿಲ್ಲ ಕೇಳಿ ನನಗೆ ಅವಳ ಮೇಲೆ ನಂಬಿಕೆ ಬಂತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಯೋಚಿಸಿದೆ,
ಈ ಊರು ತರುವುದನ್ನಷ್ಟೇ ಕಲಿತಿದೆ.
ನೂರು ಕಿಲೋಮೀಟರು ದೂರದಿಂದ ಎತ್ತರಕ್ಕೆ ತಳ್ಳಿ ತಳ್ಳಿ
ಕಾವೇರಿ ತರುತ್ತದೆ,
ಹೋಗುವ ರಾಜಕಾಲುವೆಯ ಮೇಲೆ ಮನೆ ಕಟ್ಟುತ್ತದೆ.
ನಮ್ಮ ಬಾಡಿಗೆ ಮನೆಯೂ ಅಂಥದ್ದೇ.

ಸೂಜಿಯ ದಿನ
ಬಾಬಿನ್ ಎತ್ತಲು ಬಗ್ಗಿದ ಹಾಗೇ ಮಲಗಿಸಿದರು.
ಬೆನ್ನ ಹಿಂದೆ ಗಾಜಿನ ಕೊಳವೆ, ಅದರಲ್ಲಿ ಹತ್ತುವ ನನ್ನ ನೀರು.
ಯಾರೋ ಓದುತ್ತಿದ್ದರು:
ಇಪ್ಪತ್ತು. ಮೂವತ್ತು.
ಮೂವತ್ತೆಂಟು.
"ಎಷ್ಟಿರಬೇಕು?" ಗೋಡೆಯನ್ನು ಕೇಳಿದೆ.
"ಇಪ್ಪತ್ತೈದು ದಾಟಬಾರದು" ಎಂದಿತು ಬೆನ್ನ ಹಿಂದಿನ ದನಿ.
ಹನಿ ಹನಿಯಾಗಿ ಬಿಟ್ಟರು.
ಎಷ್ಟನೆಯ ಹನಿಗೋ
ಕಿವಿಯ ಮೋಟಾರು ನಿಂತಿತು.
ಯಾರೂ ಕತ್ತು ಒತ್ತಿರಲಿಲ್ಲ.
ಫ್ಯಾನು ಕೇಳಿಸಿತು, ಟ್ರೇಗೆ ಕತ್ತರಿ ಇಟ್ಟದ್ದು ಕೇಳಿಸಿತು.
ಎಲ್ಲೋ ಒಳಗೆ ಚಪ್ಪಟೆ ಹೋಸು ಗುಂಡಗಾಗಿ
ಬಂದ ನೆತ್ತರು ಸದ್ದಿಲ್ಲದೆ ಹೋಗುತ್ತಿತ್ತು.

ಮತ್ತೆ ತುಂಬಬಹುದು ಅಂದಿದ್ದಾರೆ.
ಮಾತ್ರೆ ನುಂಗಿದರೆ ಬೆರಳ ತುದಿ ಜುಮ್ಮೆನ್ನುತ್ತದೆ,
ಸೋಡಾ ಸಪ್ಪೆ.

ರಾತ್ರಿ ಮೂರಕ್ಕೆ ಗವಿರಂಗ ಕೀಲಿ ಹೆಗಲಿಗಿಟ್ಟು ಹೊರಟ.
ಮಲಗಿದಲ್ಲೇ ಎಣಿಸಿದೆ, ವಾಲ್ವಿನ ಸುತ್ತು,
ಹದಿಮೂರು, ಹದಿನಾಲ್ಕು.
ಬೀದಿಯ ಮೋಟಾರುಗಳೆಲ್ಲ ಒಟ್ಟಿಗೆ ಎದ್ದವು.
ಬೆರಳು ತಾನಾಗಿ ಕತ್ತಿಗೆ ಹೋಯಿತು.
ಒತ್ತಿದೆ.
ನಿಲ್ಲಲಿಲ್ಲ.